ಐವತ್ತೊಂದನೇ ನಿಮಿಷ

ಪುಟ್ಟಿ, ನಿನ್ನ ಫೋಟೋ ಬಂತು. ಗೆಳತಿಯರ ಜೊತೆ ಜೈಂಟ್ ವೀಲ್ ಮುಂದೆ ಹಲ್ಲು ಕಿರಿದುಕೊಂಡು ನಿಂತಿದ್ದೀಯ. ಕೆಳಗೆ, "ತಾತ, ನೀವು ಓದೋಕೆ ಹೋಗಿದ್ದಾಗ ಇಂಥ ಜಾಗಕ್ಕೆಲ್ಲ ಹೋಗ್ತಿದ್ರಾ?" ಅಂತ ಬೇರೆ ಕೇಳಿದ್ದೀಯ. ಹೋಗಿದ್ದೆ. ಒಂದೇ ಸಲ. ಬೆರಳಲ್ಲಿ ಒತ್ತಿ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಮಾತಾಡಿ ಕಳಿಸುತ್ತಿದ್ದೇನೆ. ನೀನು ಇವನ್ನೆಲ್ಲ ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಹಾಗೆ ಕೇಳಿದರೆ ನಾನು ಮೊಟ್ಟೆ ಇಟ್ಟ ಕೋಳಿಯ ಹಾಗೆ ಕೇಳಿಸುತ್ತೇನಂತೆ. ನಿಧಾನಕ್ಕೆ ಕೇಳು.

ನಾನು ಹೋಗಿದ್ದು ಪಂಪುಗಳ ವಿಷಯ ಓದಲು. ನೀರೆತ್ತುವ ಪಂಪು. ಅದಕ್ಕೆ ಸಮುದ್ರ ದಾಟಬೇಕೇನೋ ಅಂತ ನಮ್ಮಪ್ಪ ಕೇಳಿದ್ದರು. ದಾಟಿದ ಮೇಲೆ ನನಗೂ ಹಾಗೇ ಅನ್ನಿಸಿತು. ಇರಲು ಸಿಕ್ಕಿದ್ದು ಒಂದು ಮಹಡಿ ಕೋಣೆ, ಇಳಿಜಾರು ಸೂರು. ಎದ್ದರೆ ತಲೆ ತೊಲೆಗೆ, ಕೂತರೆ ಮೊಣಕಾಲು ಮೇಜಿಗೆ. ಕೆಳಗೆ ಮನೆಯೊಡತಿ, ಅರವತ್ತೆಂಟರ ಮುದುಕಿ, ಒಬ್ಬಳೇ. ಮೊದಲ ದಿನವೇ ನಾನು ಬಾಯಿ ತಪ್ಪಿ "ಅಜ್ಜಿ" ಅಂದುಬಿಟ್ಟೆ.

"ಹಾಗಂದ್ರೇನು?" ಅಂದಳು.

"ಗೌರವದ ಮಾತು."

"ಮುದುಕಿ ಅಂತ ತಾನೇ?"

"ಹೂಂ."

"ಹಾಗೇ ಕರಿ. ಸುಳ್ಳು ಹೇಳೋ ಬಾಡಿಗೆಯೋರು ನಂಗೆ ಬೇಡ."

ಅಜ್ಜಿಯ ಕೆಲಸ ಏನು ಗೊತ್ತಾ? ಬಸ್ಸಿನ ಕೊನೆಯ ನಿಲ್ದಾಣದ ಹಿಂದೆ ಒಂದು ಹಳೇ ಮನರಂಜನೆ ಪಾರ್ಕು ಇತ್ತು. ಅಲ್ಲಿನ ಜೈಂಟ್ ವೀಲ್ ತಿರುಗಿಸುವುದು. ಮೊದಲು ಗಂಡ ತಿರುಗಿಸುತ್ತಿದ್ದನಂತೆ. ಅವನು ಹೋದ ಮೇಲೆ ಇವಳು, ನಲವತ್ತೊಂದು ವರ್ಷ. ಪಾರ್ಕಿನಲ್ಲಿ ಉಳಿದದ್ದೆಲ್ಲ ಸತ್ತುಹೋಗಿತ್ತು. ಸುತ್ತುವ ಮರದ ಕುದುರೆಗಳಿಗೆ ಕಿವಿಯೇ ಇರಲಿಲ್ಲ. ಕನ್ನಡಿ ಮನೆಯ ಬಾಗಿಲಿಗೆ ಹಲಗೆ ಹೊಡೆದಿದ್ದರು. ದೋಣಿ ಹೊಂಡದಲ್ಲಿ ನೀರಿನ ಬದಲು ಒಣ ಎಲೆ. ಚಕ್ರ ಮಾತ್ರ ನೆಟ್ಟಗೆ ನಿಂತಿತ್ತು, ಹನ್ನೆರಡು ತೊಟ್ಟಿಲು ತೂಗಿಸಿಕೊಂಡು. ಅದನ್ನು ಎಣ್ಣೆ ಹಾಕಿ ಒರೆಸಿ ಅವಳು ಇಟ್ಟುಕೊಂಡಿದ್ದ ರೀತಿ ನೋಡಿದರೆ ನನ್ನ ತೊಲೆಯ ಮೇಲಿನ ಧೂಳಿನ ಬಗ್ಗೆ ಅವಳು ಬೈಯುತ್ತಿದ್ದುದು ನ್ಯಾಯ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಕೆಳಗಿನ ಅಡುಗೆಮನೆಯಲ್ಲಿ ನಾನು ಟೀ ಕುಡಿಯುತ್ತಿದ್ದೆ. ಅಜ್ಜಿ ಒಂದು ಕಾಗದ ನನ್ನ ಮುಂದೆ ತಳ್ಳಿದಳು. ನಗರಸಭೆಯದು. ಚಕ್ರದ ಪರವಾನಗಿ ಬುಧವಾರ ಮುಗಿಯುತ್ತದೆ. ಅವತ್ತು ಇನ್ಸ್‌ಪೆಕ್ಟರು ಬರುತ್ತಾರೆ. ಅವರ ಎದುರು ತೊಟ್ಟಿಲಿಗೊಬ್ಬರಂತೆ ಹನ್ನೆರಡು ಜನರನ್ನು ಕೂರಿಸಿ ಒಂದು ಗಂಟೆ ಎಲ್ಲೂ ನಿಲ್ಲಿಸದೆ ತಿರುಗಿಸಬೇಕು. ತಿರುಗಿದರೆ ಇನ್ನು ಐದು ವರ್ಷ ಅವಳದು. ಇಲ್ಲದಿದ್ದರೆ ಅವತ್ತೇ ಮೊಹರು, ಆಮೇಲೆ ಗುಜರಿ.

"ಮರಳು ಮೂಟೆ ಇಡಬಾರದಾ ಅಜ್ಜಿ?"

"ನಾನೂ ಕೇಳ್ದೆ. ಫಾರಂನಲ್ಲಿ 'ಸಂದರ್ಶಕರು' ಅಂತ ಇದೆಯಂತೆ. ಮೂಟೆ ಸಹಿ ಹಾಕಲ್ಲವಂತೆ." ಸ್ವಲ್ಪ ಹೊತ್ತು ಬಟ್ಟಲು ತಿರುಗಿಸಿದಳು. "ಚಳಿಗಾಲ. ವಾರದ ಮಧ್ಯ. ಒಂದು ನಾಯೀನೂ ಬರಲ್ಲ. ನಿಮ್ಮೋರು ಇದಾರಲ್ಲ, ಭಾನುವಾರ ಭಾನುವಾರ ಸೇರ್ತೀರಲ್ಲ. ಅವರನ್ನ ಕರ್ಕೊಂಡು ಬರ್ತೀಯಾ? ಏನೂ ಮಾಡೋದು ಬೇಡ. ಸುಮ್ನೆ ಬಂದು ಕೂತ್ರೆ ಸಾಕು."

ಆ ಹೆಂಗಸು ಯಾರ ಹತ್ತಿರವೂ ಏನೂ ಕೇಳಿದ್ದು ನಾನು ನೋಡಿರಲಿಲ್ಲ. ಎದೆ ತಟ್ಟಿ "ಕರ್ಕೊಂಡು ಬರ್ತೀನಿ ಬಿಡಿ" ಅಂದೆ. ಸುಮ್ಮನೆ ಕೂರುವುದು! ನಮ್ಮವರ ಕೈಯಲ್ಲಿ ಆಗದ ಕೆಲಸ ಅದೊಂದೇ ಅಂತ ಆಗ ನನಗೆ ಹೊಳೆಯಲಿಲ್ಲ.

ನಾವು ಆ ಊರಿನಲ್ಲಿ ಸರಿಯಾಗಿ ಹನ್ನೆರಡು ಜನ ಇದ್ದೆವು. ಹನ್ನೆರಡು ಜನ ಇದ್ದ ಮೇಲೆ ಸಂಘ ಇರಲೇಬೇಕಲ್ಲ. ಅಧ್ಯಕ್ಷ, ಮಾಜಿ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಸಂಚಾಲಕ, ಸಹ ಸಂಚಾಲಕ, ಹೀಗೆ ಹನ್ನೊಂದು ಪದಾಧಿಕಾರಿಗಳು. ಸದಸ್ಯ ಒಬ್ಬನೇ. ಅದು ನಾನು. ಕಡೆಯಲ್ಲಿ ಬಂದವನು, ಹುದ್ದೆ ಖಾಲಿ ಇರಲಿಲ್ಲ. ಸಂಘದ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಳ್ಳುವುದು, ಕುರ್ಚಿ ಹಾಕುವುದು, ಚಪ್ಪಾಳೆ ತಟ್ಟುವುದು ನನ್ನ ಪಾಲು.

ಅಧ್ಯಕ್ಷರು ಒಂಬತ್ತು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದರು. ವಿಷಯ ಗೆದ್ದಲು. ಅವರು ಶುರು ಮಾಡಿದಾಗ ಇದ್ದ ಗೆದ್ದಲುಗಳ ಮೊಮ್ಮಕ್ಕಳೂ ಸತ್ತಿರಬೇಕು. ದೊಡ್ಡ ಆಳು, ನೂರು ಕಿಲೋಗೆ ಕಡಿಮೆ ಇಲ್ಲ. ಮಾಜಿ ಅಧ್ಯಕ್ಷರೂ ಅಷ್ಟೇ ತೂಕ. ಹಿಂದಿನ ವರ್ಷ ಆರು ವೋಟಿಗೆ ಐದು ವೋಟಿನಲ್ಲಿ ಸೋತಿದ್ದರು. ಅಂದಿನಿಂದ ಇಬ್ಬರೂ ಎದುರೆದುರು ಸಿಕ್ಕರೆ ಒಬ್ಬರು ಗೋಡೆ ನೋಡುವುದು, ಇನ್ನೊಬ್ಬರು ಗಡಿಯಾರ ನೋಡುವುದು. ಆ ಹನ್ನೆರಡನೇ ವೋಟು ಯಾರದು ಅಂತ ಕೇಳಬೇಡ. ನಾನು ಸದಸ್ಯ, ನನಗೆ ಚೀಟಿ ಕೊಡುವುದನ್ನೇ ಮರೆತಿದ್ದರು.

ಸಭೆ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಬೆಚ್ಚಗೆ ಇರುತ್ತದೆ, ಬಾಡಿಗೆ ಇಲ್ಲ. ಮೆಷಿನ್ನು ಗಡಗಡ ಅನ್ನುತ್ತಿರುವಾಗ ಎದ್ದು ನಿಂತು ವಿಷಯ ಹೇಳಿದೆ. ಬುಧವಾರ ಹನ್ನೆರಡು ಗಂಟೆಗೆ ಬಂದು ಒಂದು ಗಂಟೆ ಕೂತರೆ ಒಂದು ಮುದುಕಿಯ ಚಕ್ರ ಉಳಿಯುತ್ತದೆ ಅಂದೆ.

"ಒಳ್ಳೇ ಕೆಲಸ," ಅಂದರು ಅಧ್ಯಕ್ಷರು. "ಆದ್ರೆ ಕಾರ್ಯಕ್ರಮ ಇಲ್ದೆ ಸಂಘ ಹೊರಗೆ ಹೋಗೋದು ಹೇಗೆ?"

"ಕಾಲಲ್ಲಿ," ಅಂದಳು ಅಕ್ಕ.

ಅಕ್ಕ ಅಂದರೆ ಸಾಂಸ್ಕೃತಿಕ ಕಾರ್ಯದರ್ಶಿ. ದಾದಿ ಕೆಲಸ ಓದುತ್ತಿದ್ದಳು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯಳು, ನಾಲಿಗೆಯಲ್ಲಿ ಇಪ್ಪತ್ತು. ಆದರೆ ಅವಳ ಮಾತನ್ನು ಕಾರ್ಯದರ್ಶಿ ನಡಾವಳಿಯಲ್ಲಿ ಬರೆದುಕೊಳ್ಳುತ್ತಿರಲಿಲ್ಲ. ಎರಡು ಗಂಟೆ ಚರ್ಚೆಯಾಗಿ, ಇದು ಸಂಘದ ವಾರ್ಷಿಕ ವಿಹಾರ ಹಾಗೂ ಚಕ್ರ ಹಾರೈಕೆ ಸಮಾರಂಭ ಅಂತ ಠರಾವಾಯಿತು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಕೂರುವುದು ಅನ್ನುವ ಬಾಬ್ತು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ನಾನೇ ನೆನಪಿಸಿ ಕಡೆಯಲ್ಲಿ ಸೇರಿಸಿದೆ.

ಬುಧವಾರ ಹನ್ನೆರಡಕ್ಕೆ ಬರಬೇಕಾದವರು ಎರಡೂಕಾಲಿಗೆ ಬಂದರು. ಬ್ಯಾನರಿನಲ್ಲಿ ಮಾಜಿಯವರ ಹೆಸರು ಸಣ್ಣ ಅಕ್ಷರದಲ್ಲಿ ಬಂದಿತ್ತಂತೆ, ಬಟ್ಟೆ ಬಿಚ್ಚಿ ಮತ್ತೆ ಬರೆದು ಒಣಗಿಸಿ ತಂದರಂತೆ. ಅಜ್ಜಿ ಗೇಟಿನಲ್ಲಿ ಬೆಳಗಿನಿಂದ ನಿಂತಿದ್ದಳು. ತಲೆ ಬಾಚಿಕೊಂಡು, ಗಂಡನ ಕಾಲದ ದೊಡ್ಡ ಕೋಟು ಒರೆಸಿ ಹಾಕಿಕೊಂಡು. ಬಂದವರನ್ನು ನನ್ನನ್ನೂ ಸೇರಿಸಿ ಬೆರಳಿನಲ್ಲಿ ಎಣಿಸಿದಳು. ಹನ್ನೆರಡು. ನನ್ನ ತೋಳು ಒಮ್ಮೆ ಒತ್ತಿದಳು, ಅಷ್ಟೇ.

ಇನ್ಸ್‌ಪೆಕ್ಟರು ಆಗಲೇ ಬಂದು ಟಿಕೆಟ್ ಗೂಡಿನ ಸ್ಟೂಲಿನ ಮೇಲೆ ಕೂತಿದ್ದರು. ಸಣಕಲು ಮನುಷ್ಯ, ತೊಡೆಯ ಮೇಲೆ ಹಲಗೆ, ಹಲಗೆಗೆ ಫಾರಂ. ನಾಲ್ಕೂ ಹತ್ತರ ಬಸ್ಸಿಗೆ ತಾನು ಹೊರಡಲೇಬೇಕು, ಇವತ್ತೇ ಕಚೇರಿಗೆ ಫಾರಂ ಸೇರಬೇಕು ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಅಧ್ಯಕ್ಷರು ನೇರ ಹೋಗಿ ಅವರ ಕೈ ಕುಲುಕಿ, "ಬನ್ನಿ ಸಾರ್, ಮುಖ್ಯ ಅತಿಥಿಗಳು ಅಲ್ಲಿ ಮೂಲೇಲಿ ಕೂರಬಾರದು," ಅಂತ ಎಬ್ಬಿಸಿದರು.

"ನಾನು ತಪಾಸಣೆಗೆ ಬಂದೋನು," ಅಂದರು ಇನ್ಸ್‌ಪೆಕ್ಟರು.

"ಮುಖ್ಯ ಅತಿಥಿ ಅಂದ್ರೂ ಅದೇ ಅಲ್ವಾ ಸಾರ್."

ಸ್ವಾಗತ ಆಯಿತು. ಪ್ರಾಸ್ತಾವಿಕದಲ್ಲಿ ಸಂಚಾಲಕರು ಚಕ್ರದ ಇತಿಹಾಸವನ್ನು ಎತ್ತಿನ ಗಾಡಿಯಿಂದ ಶುರು ಮಾಡಿದರು. ಅಜ್ಜಿ ನನ್ನ ಪಕ್ಕಕ್ಕೆ ಬಂದು, "ಇವರು ಯಾವಾಗ ಹತ್ತೋದು?" ಅಂತ ಕೇಳಿದಳು. "ಈಗ ಅಜ್ಜಿ, ಈಗ," ಅಂದೆ. ಗಂಟೆ ಎರಡೂ ನಲವತ್ತು.

ಆಗ ಅಜ್ಜಿ ಭಾಷಣದ ಮಧ್ಯೆಯೇ ಹೋಗಿ ಅಧ್ಯಕ್ಷರ ಮೊಣಕೈ ಹಿಡಿದು ಎಳೆದಳು. ಕುರಿ ಆರಿಸುವವರ ಹಾಗೆ ಎಲ್ಲರ ಮೈ ಅಳೆದು ನೋಡಿದ್ದಳು. ಈ ಚಕ್ರಕ್ಕೆ ಒಂದು ಕ್ರಮ ಇದೆ ನೋಡು. ಒಂದು ಕಡೆ ಭಾರ ಕೂತರೆ ಅದರ ನೇರ ಎದುರಿಗೆ ಅಷ್ಟೇ ಭಾರ ಕೂರಬೇಕು. ಇಲ್ಲದಿದ್ದರೆ ಹಳೇ ಮೋಟರು ಜಗ್ಗುತ್ತದೆ, ಬೆಲ್ಟು ಜಾರುತ್ತದೆ. ಅಧ್ಯಕ್ಷರನ್ನು ಒಂದನೇ ತೊಟ್ಟಿಲಿನಲ್ಲಿ ಕೂರಿಸಿ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದಳು. ಅವರು ತುದಿಗೆ ಹೋದರು. ಎದುರಿನ ತೊಟ್ಟಿಲು ಕೆಳಗೆ ಬಂತು. "ಈಗ ನೀವು," ಅಂತ ಮಾಜಿಯವರಿಗೆ ಬೆರಳು ತೋರಿಸಿದಳು.

ಮಾಜಿ ಕತ್ತೆತ್ತಿ ನೋಡಿದರು. ನೇರ ನೆತ್ತಿಯ ಮೇಲೆ ಅಧ್ಯಕ್ಷರ ಬೂಟು.

"ಅವರು ಮೇಲೆ, ನಾನು ಕೆಳಗಾ?"

"ತಿರುಗುತ್ತೆ ಸ್ವಾಮಿ, ಚಕ್ರ ಅದು," ಅಂದೆ.

"ನೀನು ಸುಮ್ನಿರಯ್ಯ. ಸದಸ್ಯ. ನನ್ನ ಅವಧೀಲಿ ಸಂಘ ಎಲ್ಲಿತ್ತು, ಈಗ ಎಲ್ಲಿದೆ? ಫೋಟೋದಲ್ಲಿ ಹೀಗೆ ಬಂದ್ರೆ ಊರಲ್ಲಿ ನೋಡಿದೋರು ಏನಂತಾರೆ?"

ಮೇಲಿನಿಂದ ಅಧ್ಯಕ್ಷರು, "ಏನಂತೆ ಅವರದು?" ಅಂತ ಕೂಗಿದರು. ಕಾರ್ಯದರ್ಶಿ ನಿಯಮಾವಳಿ ತೆಗೆದ. ಇಂಥ ಸಂದರ್ಭಕ್ಕೆ ಉಪಸಮಿತಿ ಮಾಡಬಹುದು ಅಂತ ಇತ್ತು. ಉಪಸಮಿತಿ ಮಾಡಲು ಅಧ್ಯಕ್ಷರ ಸಹಿ ಬೇಕು ಅಂತಲೂ ಇತ್ತು. ಅಧ್ಯಕ್ಷರು ಐವತ್ತು ಅಡಿ ಮೇಲಿದ್ದರು. ಇನ್ಸ್‌ಪೆಕ್ಟರು ಗಡಿಯಾರ ನೋಡಿ, "ಎರಡೂ ಐವತ್ತೈದು," ಅಂದರು, ಯಾರಿಗೂ ಅಲ್ಲ, ಗಾಳಿಗೆ. ಅಜ್ಜಿ ಚಕ್ರ ಓಡಿಸಿ ನಿಲ್ಲಿಸುವ ಸನ್ನೆಕೋಲಿನ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಕೋಟಿನ ಮೇಲಿನ ಗುಂಡಿ ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು. ಚಳಿಗೆ ಇರಬಹುದು ಅಂದುಕೊಂಡೆ, ಅಂದುಕೊಳ್ಳುವುದು ಸುಲಭವಾಗಿತ್ತು.

ಅಕ್ಕ ಮಾಜಿಯವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. "ಸಾರ್, ಮೇಲಿರೋರಿಗೆ ಇನ್ನು ಇಳಿಯೋದೊಂದೇ ಬಾಕಿ. ಕೆಳಗಿರೋರಿಗೆ ಏರೋದು ಬಾಕಿ. ನಿಮಗೆ ಯಾವುದು ಬೇಕು, ಆರಿಸ್ಕೊಳ್ಳಿ."

ಮಾಜಿ ಥಟ್ಟನೆ ಹತ್ತಿ ಕೂತರು. ಅಷ್ಟೇ ಅಲ್ಲ, ಮೇಲಿದ್ದ ಅಧ್ಯಕ್ಷರಿಗೂ ಮಾತು ಕೇಳಿಸಿ, "ಹಾಗಾದ್ರೆ ನಾನೂ ಕೆಳಗಿಂದಲೇ ಶುರು ಮಾಡ್ತೀನಿ, ಇಳಿಸಿ!" ಅಂದರು. ಅಜ್ಜಿ ಕಿವುಡಿಯ ಹಾಗೆ ಚಕ್ರ ತಿರುಗಿಸಿದಳು. ಎರಡೆರಡು ಜನರಂತೆ ಎದುರುಬದುರು ತುಂಬಿದಳು. ನನ್ನನ್ನು ಅಧ್ಯಕ್ಷರ ಹಿಂದಿನ ತೊಟ್ಟಿಲಿಗೆ ಹಾಕಿದಳು, ನನ್ನ ಎದುರಿಗೆ ಅಕ್ಕ. ಎಲ್ಲರ ಸರಪಳಿ ಸಿಕ್ಕಿಸಿ ಆದ ಮೇಲೆ ಕೆಳಗೆ ನಿಂತು ಹೇಳಿದಳು.

"ಯಾರಿಗೆ ಭಯ ಆದ್ರೂ 'ನಿಲ್ಲಿಸಿ' ಅಂತ ಕೂಗಿ. ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ. ನಲವತ್ತೊಂದು ವರ್ಷದಿಂದ ಕೇಳಿಲ್ಲ. ಆದ್ರೆ ಇವತ್ತು..." ಅಂತ ಅಲ್ಲಿಗೆ ಬಿಟ್ಟು ನನ್ನ ಕಡೆ ನೋಡಿದಳು.

ಮೂರೂ ಐದಕ್ಕೆ ಚಕ್ರ ಹೊರಟಿತು. ನಾಲ್ಕೂ ಐದಕ್ಕೆ ಮುಗಿದರೆ ಇನ್ಸ್‌ಪೆಕ್ಟರಿಗೆ ಬಸ್ಸು ಹಿಡಿಯಲು ಐದು ನಿಮಿಷ. ಸಾಕಿತ್ತು.

ಹೇಳಬೇಕು ಪುಟ್ಟಿ, ಆ ಮುದಿ ಚಕ್ರ ಬೆಣ್ಣೆಯ ಹಾಗೆ ತಿರುಗಿತು. ಒಂದು ಕಿರ್ರ್ ಇಲ್ಲ. ಮೇಲೆ ಹೋದಾಗ ಊರು ಪೂರ್ತಿ ಕಾಣುತ್ತಿತ್ತು. ಕಾಲೇಜಿನ ಚಿಮಣಿ, ನಮ್ಮ ಮನೆಯ ಸೂರು, ಹಿತ್ತಿಲಲ್ಲಿ ಒಣಗಲು ಹಾಕಿದ್ದ ನನ್ನ ಬನಿಯನ್ನು. ಒಂದೂವರೆ ವರ್ಷ ಅದೇ ಊರಿನಲ್ಲಿ ತಲೆ ತಗ್ಗಿಸಿ ಓಡಾಡಿದ್ದೆ, ಅದಕ್ಕೆ ಒಂದು ನದಿ ಇದೆ ಅಂತ ಅವತ್ತು ಗೊತ್ತಾಯಿತು. ಅಕ್ಕ ಎದುರಿನ ತೊಟ್ಟಿಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಗುತ್ತಿದ್ದಳು.

ಆದರೆ ಅಧ್ಯಕ್ಷೀಯ ನುಡಿ ಬಾಕಿ ಇತ್ತಲ್ಲ. ಹದಿನೈದನೇ ನಿಮಿಷಕ್ಕೆ ಅಧ್ಯಕ್ಷರು ಜೇಬಿನಿಂದ ಕಾಗದ ತೆಗೆದು ಶುರು ಮಾಡಿದರು. ಪಕ್ಕದಲ್ಲಿದ್ದ ನನಗೆ ಪೂರ್ತಿ ಕೇಳಿಸಿತು, ನನ್ನ ಕರ್ಮ. ಕೆಳಗಿದ್ದ ಅಜ್ಜಿಗೆ ಮತ್ತು ಇನ್ಸ್‌ಪೆಕ್ಟರಿಗೆ ಸುತ್ತಿಗೊಂದು ವಾಕ್ಯದಂತೆ ಸಿಕ್ಕಿತು. "ಬಂಧುಗಳೇ, ಯಂತ್ರ ಅಂದರೇನು?" ಅಂತ ಒಂದು ಸುತ್ತು. ಮುಂದಿನ ಸುತ್ತಿಗೆ, "ಗೆದ್ದಲೂ ಹಾಗೆಯೇ." ಎದುರಿನಿಂದ ಮಾಜಿಯವರು ಪ್ರತಿ ವಾಕ್ಯಕ್ಕೂ "ಅಸತ್ಯ!" ಅಂತ ಕೂಗುತ್ತಿದ್ದರು. ಇಬ್ಬರ ನಡುವೆ ಅಡ್ಡಲಾಗಿ ಇಡೀ ಚಕ್ರ ಇದ್ದದ್ದು ದೇವರ ದಯೆ. ಇನ್ಸ್‌ಪೆಕ್ಟರು ಒಂದು ಸಲ ನಕ್ಕಿದ್ದನ್ನು ಕೆಳಗೆ ಬಂದಾಗ ಕಂಡೆ. ಅಜ್ಜಿ ಅವರಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಇನ್ನು ಆಯಿತು, ಗೆದ್ದೆವು ಅಂದುಕೊಂಡೆ.

ನಾಲ್ಕು ಗಂಟೆಗೆ ಐದೋ ಆರೋ ನಿಮಿಷ ಇತ್ತು. ಭಾಷಣ ಮುಗಿಸಿದ ಅಧ್ಯಕ್ಷರು ಬ್ಯಾನರಿನ ಒಂದು ತುದಿಯನ್ನು ತೊಟ್ಟಿಲಿನಿಂದ ಇಳಿಬಿಟ್ಟು ಹಿಂದಕ್ಕೆ ತಿರುಗಿದರು.

"ಏ, ಫೋಟೋ! ನಾನು ತುದೀಲಿರೋವಾಗ ತೆಗಿ. ಹಿಂದೆ ಊರು ಬರಬೇಕು."

ಕ್ಯಾಮೆರಾ ಎತ್ತಿದೆ. ತೊಟ್ಟಿಲು ಅವರದೂ ತೂಗುತ್ತಿತ್ತು, ನನ್ನದೂ. "ಅಲ್ಲಾಡ್ತಿದೆ ಸಾರ್, ಕೆಳಗಿಳಿದ ಮೇಲೆ ತೆಗೆಯೋಣ," ಅಂದೆ.

"ಕೆಳಗೆ ಯಾರು ಬೇಕಾದ್ರೂ ನಿಂತ್ಕೋತಾರೆ. ನಿಲ್ಲಿಸೋಕೆ ಹೇಳು ಆ ಮುದುಕಿಗೆ, ಒಂದು ನಿಮಿಷ. ನಿನ್ನ ಮಾತು ಕೇಳ್ತಾಳೆ. ಸದಸ್ಯ ಆಗಿ ಅಷ್ಟೂ ಮಾಡಲ್ವಾ? ಮುಂದಿನ ವರ್ಷ ಸಹ ಸಂಚಾಲಕ ಸ್ಥಾನ ಖಾಲಿ ಆಗುತ್ತೆ, ಗೊತ್ತಲ್ಲ?"

ಈಗ ನಾನು ಏನೇನೋ ಹೇಳಬಹುದು. ಒತ್ತಡ ಇತ್ತು, ಯೋಚನೆ ಮಾಡಲಿಲ್ಲ, ಹಾಗೆ ಹೀಗೆ. ಸುಳ್ಳು. ಯೋಚನೆ ಮಾಡಿದೆ. ಒಂದು ಗಂಟೆ ಎಲ್ಲೂ ನಿಲ್ಲಿಸಬಾರದು ಅಂತ ನಗರಸಭೆಯ ಕಾಗದವನ್ನು ಕಣ್ಣಾರೆ ಓದಿದವನು ನಾನು. ಅದೂ ನೆನಪಿತ್ತು. ಸಹ ಸಂಚಾಲಕ ಅನ್ನುವುದೂ ಕೇಳಿಸಿತು. ಒಂದು ನಿಮಿಷ ತಾನೇ, ಇನ್ಸ್‌ಪೆಕ್ಟರು ಒಳ್ಳೆಯವರು, ಕಾಫಿ ಬೇರೆ ಕುಡಿದಿದ್ದಾರೆ ಅಂದುಕೊಂಡೆ. ಬಗ್ಗಿ ಕೂಗಿದೆ.

"ಅಜ್ಜೀ! ನಿಲ್ಲಿಸಿ!"

ಕೆಳಗೆ ಅಜ್ಜಿ ಕತ್ತೆತ್ತಿದಳು. ಅಷ್ಟು ಎತ್ತರದಿಂದ ಮುಖ ಕಾಣುವುದಿಲ್ಲ, ಬೆಳ್ಳಗೆ ಒಂದು ಬೊಟ್ಟು ಅಷ್ಟೇ. ಕೇಳಿಸಲಿಲ್ಲ ಅನ್ನಬಹುದಿತ್ತು ಅವಳು. ಸ್ವಲ್ಪ ಹೊತ್ತಿನ ಹಿಂದೆ ಅಧ್ಯಕ್ಷರಿಗೆ ಕಿವುಡಿ ಆದವಳು ನನಗೂ ಆಗಬಹುದಿತ್ತು. ಆದರೆ ಆಗ ಚಕ್ರ ಓಡುತ್ತಿರಲಿಲ್ಲ. ಈಗ ಓಡುತ್ತಿರುವ ಚಕ್ರದಲ್ಲಿ ಕೂತವನೊಬ್ಬ ನಿಲ್ಲಿಸಿ ಅಂದಿದ್ದ. ಅವಳು ಸನ್ನೆಕೋಲು ಎಳೆದಳು. ಚಕ್ರ ನಿಂತಿತು. ಎಷ್ಟು ನಯವಾಗಿ ನಿಂತಿತು ಅಂದರೆ ಫೋಟೋ ಅಷ್ಟು ಚೆನ್ನಾಗಿ ಬಂತು, ಹಾಳಾದ್ದು.

ಕ್ಲಿಕ್ ಆಯಿತು. ಆಮೇಲೆ ಕೆಳಗಿನ ತೊಟ್ಟಿಲಿನಿಂದ ಮಾಜಿಯವರ ದನಿ: "ನಾನು ಕೆಳಗಿರೋವಾಗಲೇ ಯಾಕೆ ನಿಲ್ಲಿಸಿದ್ದು? ಇದು ಪಿತೂರಿ!"

"ಐವತ್ತೊಂದು," ಅಂದರು ಇನ್ಸ್‌ಪೆಕ್ಟರು.

ಅಕ್ಕ ಎಲ್ಲಿಂದಲೋ ಕೂಗಿದಳು, "ಸಾರ್, ಒಂದು ನಿಮಿಷ ನಿಂತಿದ್ದಷ್ಟೇ! ಮತ್ತೆ ತಿರುಗಿಸ್ತಾರೆ, ಬರ್ಕೊಳ್ಳಿ ಸಾರ್!"

"ಎಲ್ಲೂ ನಿಲ್ಲಿಸದೆ ಅಂತ ಇದೆಯಮ್ಮ. ನಿಂತದ್ದನ್ನ ನಾನು ನೋಡಿದೆ. ಮತ್ತೆ ಮೊದಲಿಂದ ಒಂದು ಗಂಟೆ ಮಾಡೋಕೆ ನಂಗೆ ಬಸ್ಸಿಲ್ಲ." ಅವರ ದನಿಯಲ್ಲಿ ಕೋಪ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡರು, ಅಷ್ಟೇ.

ಅಜ್ಜಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಇಳಿಸಿದಳು. ಹತ್ತಿಸಿದ ಕ್ರಮದಲ್ಲೇ, ಎದುರುಬದುರು, ಭಾರ ತಪ್ಪದ ಹಾಗೆ. ಎಲ್ಲರಿಗೂ ಕೈ ಕೊಟ್ಟಳು. ನನಗೂ ಕೊಟ್ಟಳು. "ಅಜ್ಜಿ," ಅಂದೆ. "ಮೆಟ್ಟಿಲು ನೋಡ್ಕೊ," ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ ಇದೆಯಲ್ಲ, ಚಿಕ್ಕಂದಿನಲ್ಲಿ ಕಾಪಿ ಪುಸ್ತಕದಲ್ಲಿ ನೂರು ಸಲ ಬರೆದಿದ್ದೆ. ಕೈಬರಹ ಸುಧಾರಿಸಿತ್ತು, ಅಷ್ಟೇ. ಇನ್ಸ್‌ಪೆಕ್ಟರು ಮೊಹರು ಹಾಕುವಾಗ ಹಿಂದೆ ನಮ್ಮ ಉಪಾಧ್ಯಕ್ಷರು ವಂದನಾರ್ಪಣೆ ಮಾಡುತ್ತಿದ್ದರು. ಅಕ್ಕ ಹೋಗಿ ಅವರ ಕೈಯಲ್ಲಿದ್ದ ಚೀಟಿ ಕಿತ್ತುಕೊಂಡಳು.

ಮುಂದಿನ ಭಾನುವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ಚಕ್ರಕ್ಕೆ ಸಂತಾಪ ಸೂಚನೆ. ಎರಡು ನಿಮಿಷ ಮೌನ. ನಾನು ಎದ್ದು ರಾಜೀನಾಮೆ ಕೊಡುತ್ತೇನೆ ಅಂದೆ. ಕಾರ್ಯದರ್ಶಿ ನಿಯಮಾವಳಿ ತಿರುವಿಹಾಕಿದ. ಪದಾಧಿಕಾರಿಗಳ ರಾಜೀನಾಮೆಗೆ ಮಾತ್ರ ಅವಕಾಶ ಇದೆ, ಸದಸ್ಯರದಕ್ಕೆ ಇಲ್ಲ ಅಂದ. "ಹಾಗಾದ್ರೆ ನಾನು ಕೊಡ್ತೀನಿ, ನನ್ನದು ಬರ್ಕೊ," ಅಂತ ಅಕ್ಕ ಎದ್ದಳು. ಇಬ್ಬರೂ ಹೊರಗೆ ಬಂದೆವು. ಸಂಘ ಅವತ್ತಿನಿಂದ ಹತ್ತು ಪದಾಧಿಕಾರಿಗಳ ಸಂಘ. ಸದಸ್ಯರು ಸೊನ್ನೆ. ಏನೂ ತೊಂದರೆ ಆಗಲಿಲ್ಲವಂತೆ.

ತಿಂಗಳ ಕೊನೆಗೆ ಗುಜರಿಯವರು ಬಂದರು. ಹೇಗೋ ಬಿಚ್ಚುತ್ತೇವೆ ಅಂದರು. ಅಜ್ಜಿ ಬಿಡಲಿಲ್ಲ. ಒಂದು ತೊಟ್ಟಿಲು ತೆಗೆದರೆ ಅದರ ಎದುರಿನದು ಭಾರವಾಗಿ ದಡಾರನೆ ಇಳಿದುಬಿಡುತ್ತದೆ, ಎರಡು ಕಡೆ ಹಗ್ಗ ಹಿಡಿದು ಮೆಲ್ಲಗೆ ಬಿಡಬೇಕು, ಹಿಡಿಯುವವರು ಭಾರದ ಆಳಾಗಿರಬೇಕು ಅಂದಳು. ಆ ಹೊತ್ತಿಗೆ ಸರಿಯಾಗಿ ಅಧ್ಯಕ್ಷರು ಸಂತಾಪ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಅದನ್ನು ಅಜ್ಜಿಗೆ ಕೊಡುವಾಗ ಫೋಟೋ ತೆಗೆಸಿಕೊಳ್ಳಲು ಅಂತ ಇಸ್ತ್ರಿ ಕೋಟು ಹಾಕಿಕೊಂಡು ಬಂದರು. ಅವರು ಬರುತ್ತಾರೆ ಅಂತ ತಿಳಿದು ಮಾಜಿಯವರೂ ಬಂದರು.

ಅಜ್ಜಿ ಪತ್ರ ಇಸಿದುಕೊಂಡು ಕೋಟಿನ ಜೇಬಿಗೆ ತುರುಕಿ, ಇಬ್ಬರ ಕೈಗೂ ಒಂದೊಂದು ಹಗ್ಗ ಕೊಟ್ಟಳು. ಅವರು ನನ್ನ ಮುಖ ನೋಡಿದರು. ನಾನು ಸ್ಪ್ಯಾನರ್ ಹಿಡಿದು ಚಕ್ರದ ಬುಡದಲ್ಲಿ ಕೂತಿದ್ದೆ, ಕ್ಯಾಮೆರಾ ಇರಲಿಲ್ಲ.

"ಹಿಡಿ," ಅಂದಳು ಅಜ್ಜಿ. ಹಿಡಿದರು. "ಬಿಡು." ಬಿಟ್ಟರು. ಒಬ್ಬರು ಎಳೆದಾಗ ಇನ್ನೊಬ್ಬರು ಸಡಿಲಿಸಬೇಕು. ಮೊದಮೊದಲು ಇಬ್ಬರೂ ಎಳೆದು ಬೈಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ "ಹಾಂ, ಬಿಡ್ತಿದೀನಿ ನೋಡಿ," "ಬಿಡಿ, ಹಿಡ್ಕೊಂಡಿದೀನಿ," ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು, ಒಂದು ವರ್ಷದ ಮೇಲೆ. ಕೈ ಬೊಬ್ಬೆ ಬಂದಿತ್ತು. ಭಾಷಣ ಯಾರೂ ಮಾಡಲಿಲ್ಲ. ಹನ್ನೆರಡು ತೊಟ್ಟಿಲೂ ಒಂದೂ ತಗ್ಗು ಬೀಳದೆ ನೆಲಕ್ಕೆ ಬಂದವು. ಲಾರಿಗೆ ಹಾಕುವಾಗ ಗುಜರಿಯವನು, ಯಾಕಮ್ಮ ಇಷ್ಟು ಜೋಪಾನ, ನಾಳೆ ಕರಗಿಸೋದೇ ತಾನೇ ಅಂದ. ಅಜ್ಜಿ ಕೊನೆಯ ತೊಟ್ಟಿಲಿನ ಸರಪಳಿ ಸಿಕ್ಕಿಸಿದಳು.

ಸಂಜೆ ಬಸ್ಸಿನಲ್ಲಿ ಅಜ್ಜಿ, ನಾನು ಇಬ್ಬರೇ ಮನೆಗೆ ಬಂದೆವು. ದಾರಿಯುದ್ದಕ್ಕೂ ನಾನು ಮಾತು ಹುಡುಕುತ್ತಿದ್ದೆ. ಬೇರೆ ಕೋಣೆ ನೋಡಿಕೋ ಅನ್ನುತ್ತಾಳೆ ಅಂತ ಕಾದಿದ್ದೆ, ಅನ್ನಲಿ ಅಂತಲೂ ಇತ್ತು. ಅನ್ನಲಿಲ್ಲ. ಅಡುಗೆಮನೆಯಲ್ಲಿ ನಿಂತು ಉಗುರಿನ ಸಂದಿಯ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಬಹಳ ಹೊತ್ತು ಒರೆಸಿದಳು. ನಾನು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕರೆದಳು.

"ಏ. ಬೆಳಿಗ್ಗೆ ಅಲಾರಂ ಇಟ್ಕೋತೀಯಲ್ಲ, ಕೆಳಗಿನ ತನಕ ಕೇಳ್ಸುತ್ತೆ, ದಿಂಬಿನ ಕೆಳಗೆ ಇಟ್ಕೊ. ನಂಗಿನ್ನು ಬೇಗ ಏಳೋ ಕೆಲಸ ಇಲ್ಲ."